ಮ್ಯಾಲಿಂದ ಸುರಿಯೋ ನೀರು

ಚುರ್ ಅಂತು, ಬಿಸಿಲಿಗೆ ಕಾದ ಕೊಡದ ಅಂಚು ಸೊಂಟದ ಬರಿಮೈಗೆ ತಾಕಿ, ತಾಕಲಿ ಬಿಡು, ಇದಾದರೂ ತಾಕಿತಲ್ಲ ಅಂದುಕೊಂಡಳು ದ್ರೌಪದಿ, ಗಂಡ ಅಮೃತ ಸತ್ತ ಮೇಲೆ ತನ್ನನ್ನು ಮುಟ್ಟುವ ಧೈರ್ಯ ಈ ಕೇರಿಯಲ್ಲಿ ಉಳಿದದ್ದು ಬಿಸಿಲಿಗೆ ಒಂದಕ್ಕೇ, ಬಿಸಿಲಿಗೆ ಮತ್ತು ಮಗಳಿಗೆ, ಮತ್ತೆ ಹಾಂ, ಬಳೆಗಾರ್ತಿ ಜೈತುನಬಿಗೆ, ಸುಳ್ಳು ಯಾಕೆ ಹೇಳಬೇಕು — ಬಾಗಿಲ ನೆರಳಲ್ಲಿ ಕೂತ ಅತ್ತೆ ಮಲ್ಕಮ್ಮ ಕೇಳಿದಳು, ಎಲ್ಲಿಗಿ ಹೊಂಟಿ ಬೇ ಇಷ್ಟು ಬಿಸಲಾಗ, ಕೊಡ ಹಿಡಕೊಂಡು ಮದವಿಗಿ ಹೋಗ್ತಾರೇನತ್ತಿ, ನೀರಿಗಿ ಹೊಂಟೇನಿ, ಹೇಳಿದ್ದು ನೆನಪದ ಇಲ್ಲೋ ನಿನಗ, ಬೋರಿಂಗದ ಕಟ್ಟಿ ಹತ್ತಬ್ಯಾಡ, ಕೆಳಗೇ ನಿಂದರು, ಭೀಮವ್ವ ಮ್ಯಾಲಿಂದ ಸುರೀತಾಳ, ನಾ ಹೂಂ ಅಂದು ಬಂದೇನಿ, ನೀ ಅಂದೀದಿ ಅತ್ತಿ, ನಾ ಎಲ್ಲಿ ಅಂದೇನಿ. ಮುದುಕಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಗನನ್ನು ಮಣ್ಣು ಮಾಡಿದವಳು, ಅವಳಿಗೆ ಇನ್ನು ಯಾವ ಜಗಳವೂ ಬೇಡ, ಯಾರು ಏನು ಕೊಟ್ಟರೂ ಹೂಂ, ಏನು ಕಸಕೊಂಡರೂ ಹೂಂ. ನಿನ್ನೆ ಸಂಜೆ ಬುದ್ಧ ವಿಹಾರದ ಮುಂದೆ ಹಿರಿಯರು ಕೂತು ಫೈಸಲಾ ಮಾಡಿದ್ದರು: ಅಮೃತನ ಬೀಮಾರಿ ದ್ರೌಪದಿಗೂ ಅಂಟಿದೆ, ಅವಳು ಬೋರಿಂಗದ ಹ್ಯಾಂಡಲ್ ಮುಟ್ಟಿದರೆ ಕೇರಿಗೆಲ್ಲ ಹರಡುತ್ತದೆ, ಹಂಗಂತ ನೀರಿಲ್ಲದೆ ಸಾಯಿಸೋ ಮಂದಿ ನಾವಲ್ಲ, ಆಕಿ ಕಟ್ಟಿ ಕೆಳಗ ಕೊಡ ಇಟ್ಟು ದೂರ ಸರೀಲಿ, ನಮ್ಮ ಹೆಣ್ಣಮಕ್ಕಳು ಬಕೀಟಿನಿಂದ ಮ್ಯಾಲಿಂದ ಸುರೀತಾರ. ಹೇಳಿದವನು ದೇವೀಂದ್ರಪ್ಪ, ಜಯಂತಿ ಕಮಿಟಿ ಅಧ್ಯಕ್ಷ, ಸತ್ತವನ ಖಾಸಾ ಕಾಕಾ. ದಯಾ ತೋರಿಸಿದವನ ದನಿಯಲ್ಲೇ ಹೇಳಿದ, ದಯೆಯೇ ಇರಬೇಕು ಅದು, ಗೌಡರ ಬಾವಿ ಮೇಲೆ ನಿಂತು ದ್ರೌಪದಿಯ ಹೆತ್ತ ಆಯಿಯ ಬೊಗಸೆಗೆ ನೀರು ಬಿಡುತ್ತಿದ್ದವರೂ ದಯಾವಂತರೇ, ಆಯಿ ಹೇಳುತ್ತಿದ್ದಳು, ಕುಡದದ್ದು ಅರ್ಧಾ, ಮೊಣಕೈಗುಂಟ ಇಳಿದು ಉಡಿ ತೊಯ್ದದ್ದು ಅರ್ಧಾ ನನ ಮಗಳ, ನೀರು ಯಾವಾಗ ನಿಲ್ಲಸ್ತಾರೋ ಅಂತ ಮ್ಯಾಲೆ ನೋಡಿಕೋತ ಕುಡೀಬೇಕು, ಮ್ಯಾಲೆ ನೋಡಿಕೋತ ಕುಡದ ನೀರು ಗಂಟಲಾಗ ಇಳಿಯಂಗಿಲ್ಲ.

ಮೇಲಿಂದ. ಆ ಮಾತು ದೇವೀಂದ್ರಪ್ಪನ ಬಾಯಿಂದ ಬಂದಾಗ ಯಾರಿಗೂ ಏನೂ ಚುಚ್ಚಲಿಲ್ಲವಲ್ಲ, ಕೂತವರೆಲ್ಲ ತಲೆಯಾಡಿಸಿದರು, ತಲೆಯ ಮೇಲೆ ಜಯಂತಿಯ ನೀಲಿ ಕಾಗದದ ತೋರಣ ಇನ್ನೂ ಬಿಚ್ಚಿರಲಿಲ್ಲ, ಒಳಗೆ ಗೋಡೆಯ ಫೋಟೋದಲ್ಲಿ ಬಾಬಾಸಾಹೇಬರು ಕನ್ನಡಕದೊಳಗಿಂದ ನೋಡುತ್ತಿದ್ದರು, ಎಲ್ಲಿ ನೋಡುತ್ತಿದ್ದರೋ ಏನೋ. ವರ್ಷಾ ವರ್ಷಾ ಜಯಂತಿಗೆ ಬಾಬಾಸಾಹೇಬರು ಕೆರೆ ನೀರು ಮುಟ್ಟಿದ ಹಾಡು ಎತ್ತುವವಳು ಯಾರು, ದ್ರೌಪದಿ, ದನಿಗೂಡಿಸುವವಳು ದೇವೀಂದ್ರಪ್ಪನ ಹೆಂಡತಿ ಭೀಮವ್ವ, ಡೋಲಕ ಬಡಿಯುವವನು ದೇವೀಂದ್ರಪ್ಪ, ಕೇರಿ ಪೂರಾ ಚಪ್ಪಾಳೆ, ನೀರು ಮುಟ್ಟಿದೆವು, ನಮ್ಮ ಕೈಯಿಂದ ಮುಟ್ಟಿದೆವು — ಈ ವರ್ಷ ಮಾತ್ರ ನಿನ್ನ ಗಂಟಲ ಚಂದಿಲ್ಲ ತಂಗಿ ಮನ್ಯಾಗ ಆರಾಮ ಮಾಡು ಅಂದರು, ಗಂಟಲು ಚೆಂದಿತ್ತು, ಭೀಮವ್ವ ಒಬ್ಬಳೇ ಎತ್ತಿದಳು, ಎರಡನೇ ನುಡಿಯಲ್ಲಿ ತಪ್ಪಿದಳು, ಯಾವಾಗಲೂ ಅಲ್ಲೇ ತಪ್ಪುತ್ತಾಳೆ ಆ ಹೆಣ್ಣು, ದ್ರೌಪದಿ ಒಲೆ ಮುಂದೆ ರೊಟ್ಟಿ ಬಡಿಯುತ್ತಲೇ ಜೋರಾಗಿ ನುಡಿ ಮುಗಿಸಿದಳು, ಡೋಲಕ ಒಂದು ಗಳಿಗೆ ನಿಂತಿತು, ಆಮೇಲೆ ಸಿಟ್ಟಿಗೆದ್ದವರ ಹಾಗೆ ಬಡಿಯಿತು.

ಓಣಿ ತಿರುವಿನ ಗೋಡೆಯ ಮೇಲೆ ತಲೆಬುರುಡೆ ಹಲ್ಲು ಕಿರಿಯುತ್ತಿದೆ, ಹೋದ ಚಳಿಗಾಲದಲ್ಲಿ ಜೀಪು ಬಂದಿತ್ತು, ಜಾಗೃತಿ ಜೀಪಂತೆ, ಮೈಕಿನವನು ಏಡ್ಸ್ ಅಂದರೆ ಸಾವು ಏಡ್ಸ್ ಅಂದರೆ ಸಾವು ಅಂತ ಒದರಿದ, ಬಣ್ಣದವನು ಏಣಿ ಹಚ್ಚಿ ಬುರುಡೆ ಬರೆದ, ಕೆಳಗೆ ಎರಡು ಎಲುಬು, ಚೆಂದ ಬರೆದಿದ್ದ, ಕೈ ಪಳಗಿದ ಮನುಷ್ಯ, ಇವಳೇ ನೀರು ಕೊಟ್ಟು ಕೇಳಿದಳು, ಗೌಡರ ಓಣ್ಯಾಗ ಬರಿಯಂಗಿಲ್ಲೇನ್ರಿ, ಅವನು ಕುಂಚ ಒರೆಸುತ್ತ ಅಂದ, ಅಲ್ಲಿ ಮಂದಿ ತಕರಾರ ಮಾಡ್ತಾರ ಬಾಯಿ, ಗೋಡಿ ಹೊಲಸಾಗ್ತದಂತ. ಆಗ ಅಮೃತ ಒಳಗೆ ಕಂಬಳಿ ಹೊದ್ದು ಮಲಗಿದ್ದ, ಮೈಕಿನ ಮಾತು ಒಂದೂ ಬಿಡದೆ ಕೇಳಿಸಿಕೊಳ್ಳುತ್ತಿದ್ದ. ದೆವ್ವದ ಚಿತ್ರ ಬರೆದು ಹೋದರು, ದೆವ್ವ ಎಲ್ಲಿ ಇರುವುದಿಲ್ಲ ಅನ್ನುವುದನ್ನು ಬರೆಯಲೇ ಇಲ್ಲ, ಚಾ ಕಪ್ಪಿನಲ್ಲಿ ಇಲ್ಲ, ಕೊಡದಲ್ಲಿ ಇಲ್ಲ, ಹ್ಯಾಂಡಲಿನಲ್ಲಿ ಇಲ್ಲ, ಅದಕ್ಕೆ ಬಣ್ಣ ಸಾಲಲಿಲ್ಲವೋ ಏನೋ, ಬುರುಡೆಯ ಕೆಳಗೆ ಹುಡುಗರು ಗೋಲಿ ಆಡುತ್ತಾರೆ, ಹುಡುಗರ ತಾಯಂದಿರು ದ್ರೌಪದಿಯ ನೆರಳು ಕಂಡರೆ ಹುಡುಗರನ್ನು ಕರೆದುಕೊಳ್ಳುತ್ತಾರೆ, ಬುರುಡೆಗಿಂತ ಅವಳೇ ಹೆಚ್ಚಿಗೆ ಹಲ್ಲು ಕಿರಿದ ಹಾಗೆ.

ಯಾವುದರಿಂದ ಬಂತು ಅವನಿಗೆ, ಯಾರಿಗೆ ಗೊತ್ತು, ಮುಂಬೈಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗುವ ಗಂಡಸರು, ಜ್ವಾಳದ ರಾಶಿ ಮುಗಿದ ಮೇಲೆ ಹೋಗುತ್ತಾರೆ, ಮುಂಗಾರಿಗೆ ಬರುತ್ತಾರೆ, ಅಲ್ಲಿ ಏನು ತಿನ್ನುತ್ತಾರೆ ಎಲ್ಲಿ ಮಲಗುತ್ತಾರೆ ಕೇಳಿದವರಿಲ್ಲ, ಅವನೇ ಒಂದು ದಿನ ಗೋಡೆ ಕಡೆ ಮುಖ ಮಾಡಿ ತಪ್ಪಾಗ್ಯದ ದ್ರೌಪದಿ ಅಂದ, ಸುಮ್ಮನ ಗಂಜಿ ಕುಡಿ ಅಂದಳು, ಬೈದಳು, ಬೈದು ಬೈದೇ ಕುಡಿಸಿದಳು, ಅವನ ತಪ್ಪು ಅವನದಾಯಿತು, ಆದರೆ ಕೇರಿಗೆ ಬರುವ ಸೂಜಿ ಡಾಕ್ಟರನ ತಪ್ಪು ಯಾರದು, ಗೌಡರ ಮನೆಗೆ ಹೋದರೆ ಕಾಗದ ಹರಿದು ಹೊಸ ಸೂಜಿ, ಕೇರಿಗೆ ಬಂದರೆ ಡಬ್ಬಿಯೊಳಗಿನ ಅದೇ ಒಂದು, ಬಿಸಿನೀರಿನ ಗ್ಲಾಸಿನಲ್ಲಿ ಅದ್ದಿ ಇವಗ ಚುಚ್ಚಿದ, ಮತ್ತೆ ಅದ್ದಿ ಅವಗ ಚುಚ್ಚಿದ, ಒಂದೇ ಹೊತ್ತಿಗೆ ಅರ್ಧ ಓಣಿ ತೋಳು ತಿಕ್ಕಿಕೊಳ್ಳುತ್ತಿತ್ತು. ಜ್ವರ ಸೂಜಿಗೂ ಇಳಿಯದಾಗ ಅತ್ತೆ ಮಲ್ಕಮ್ಮ ಮಗನನ್ನು ಕದ್ದು ಗಾಣಗಾಪುರದ ಗುಡಿಗೆ ಕರೆದೊಯ್ದಳು, ಬುದ್ಧನ ಪ್ರತಿಜ್ಞೆ ತಗೊಂಡ ಮನೆ, ದೇವರ ಗೊಡವೆ ಬಿಟ್ಟ ಮನೆ, ಹೊಳೆ ಮೆಟ್ಟಿಲಲ್ಲಿ ಎದುರು ಬಂದವನು ಯಾರು, ಅವಳ ಮೈದುನ ದೇವೀಂದ್ರಪ್ಪ, ಹಣೆಗೆ ಗಂಧ, ನೀ ಯಾಕ ಬಂದೀಯೋ ಅಂತ ಅತ್ತೆ, ಹೋರಿ ವ್ಯಾಪಾರಕ್ಕ ಬಂದಿದ್ದೆ ವೈನಿ, ಮತ್ತ ನೀ, ನಾನೂ ಹೋರಿ ನೋಡ್ಲಾಕೇ ಬಂದೇನಪಾ, ಇಬ್ಬರೂ ಗಂಧ ಒರೆಸಿಕೊಂಡು ಒಂದೇ ಬಸ್ಸಿಗೆ ಬಂದರು, ಒಬ್ಬರ ಗುಟ್ಟು ಇನ್ನೊಬ್ಬರ ಉಡಿಯಲ್ಲಿ — ಅತ್ತೆ ಅದನ್ನು ಹೇಳಿ ನಕ್ಕಿದ್ದಳು, ಆ ಮನೆಯಲ್ಲಿ ಕಡೆಯ ಸಲ ನಕ್ಕದ್ದು ಅದೇ ಇರಬೇಕು. ಆಮೇಲೆ ದೊಡ್ಡ ದವಾಖಾನೆ, ಮಂಚ ವಾರ್ಡಿನಲ್ಲಿ ಇಲ್ಲ, ಹೊರಗೆ ಪಡಸಾಲೆಯಲ್ಲಿ, ಪಾಯಖಾನೆಯ ಬಾಗಿಲ ಪಕ್ಕ, ಊಟದ ತಾಟು ಕಾಲಿಂದ ಸರಿಸಿ ಕೊಡುತ್ತಿದ್ದರು, ಏಡ್ಸ್ ಪೇಶಂಟಿನ ಕಡಿಯವರು ಯಾರ್ರೀ ಅಂತ ಒಬ್ಬ ಇಷ್ಟುದ್ದದ ಪಡಸಾಲೆಯ ಆ ತುದಿಯಿಂದ ಕೂಗಿದ, ಕೂಗಿಗೆ ತಿರುಗಿ ನೋಡಿದವರಲ್ಲಿ ಊರವರೂ ಇದ್ದರು, ಇವಳ ಬಸ್ಸು ಊರು ಮುಟ್ಟುವುದಕ್ಕೆ ಮುಂಚೆ ಸುದ್ದಿ ಮುಟ್ಟಿತ್ತು. ಅದೇ ದಿನಗಳಲ್ಲಿ ಗೌಡರ ಪೈಕಿ ಹಣಮಂತರಾಯ ಸತ್ತ, ಲಾರಿ ಮಾಲಕ, ಅವನ ಹೊಲದಲ್ಲಿ ಕಳೆ ತೆಗೆಯುವಾಗ ದ್ರೌಪದಿ ನೋಡಿದ್ದಳು, ಅದೇ ಸೊರಗು, ಅದೇ ಬಿಳಿ ಹತ್ತಿದ ನಾಲಿಗೆ, ಅದೇ ಬೇಧಿ, ಅವನಿಗೆ ಸೊಲ್ಲಾಪುರದಲ್ಲಿ ಬೇರೆ ಖೋಲಿ, ಬಾಗಿಲಿಗೆ ಪರದೆ, ಏನಾಗಿತ್ತಂತ ಕೇಳಿದರೆ ಕಿಡ್ನಿ, ಇರಲಿ, ಕಿಡ್ನಿಯೇ ಇರಲಿ, ನಾನೇನು ಡಾಕ್ಟರು ಅಲ್ಲ, ಆದರೆ ಅವರ ಬೀಮಾರಿಗೆ ಪರದೆ ನಮ್ಮ ಬೀಮಾರಿಗೆ ಮೈಕು, ಇದು ಯಾವ ಸೀಮೆಯ ನ್ಯಾಯ. ಆ ಹೆಣಕ್ಕೆ ದೇವೀಂದ್ರಪ್ಪ ಹೂವಿನ ಹಾರ ಒಯ್ದ, ತಿಥಿಯ ಊಟಕ್ಕೆ ಕೇರಿಯೂ ಹೋಯಿತು. ಮೊನ್ನೆ ಹಣಮಂತರಾಯನ ಹೆಂಡತಿಯನ್ನು ಮಹಡಿಯ ಕಿಟಕಿಯಲ್ಲಿ ಕಂಡಳು, ಗಲ್ಲ ಒಳಗೆ ಹೋಗಿದೆ, ಆ ತಾಯಿಗೆ ಯಾರು ಹೇಳುತ್ತಾರೆ, ಯಾವ ಜೀಪು ಹೋಗುತ್ತದೆ ಅಲ್ಲಿಗೆ, ಪರದೆಯೊಳಗೆ ಹೇಳುವವರೂ ಇಲ್ಲ ಕೇಳುವವರೂ ಇಲ್ಲ, ಅದೂ ಒಂದು ಸಾವು.

ತನಗೆ ಹೇಳುವವಳೊಬ್ಬಳಿದ್ದಳು, ನರ್ಸಬಾಯಿ ಸುಲಭಾ, ಗಾಣಗಾಪುರದ ಪೂಜಾರಿಗಳ ಮನೆಯ ಹೆಣ್ಣು, ಸೊನ್ನದ ಕಡೆಯ ಊರುಗಳಿಗೆಲ್ಲ ಅವಳೊಬ್ಬಳೇ. ಮೊದಲ ಸಲ ಹೊರಸಿನ ತುದಿಯಲ್ಲಿ ಕೂತು ಎಲ್ಲ ಬಿಡಿಸಿ ಹೇಳಿದಳು, ಹಾಸಿಗ್ಯಾಗ ಬರ್ತದ, ಸೂಜ್ಯಾಗ ರಕ್ತದಾಗ ಬರ್ತದ, ಬಸುರಿಂದ ಮೊಲಿಹಾಲಿನಿಂದ ಕೂಸಿಗೆ ಹೋಗಬಹುದು, ನೀರಿನ್ಯಾಗ ಇಲ್ಲ, ಮುಟ್ಟಿದ್ರ ಇಲ್ಲ, ಮುಂದಿಟ್ಟ ನೀರಿನ ಗ್ಲಾಸು ಮಾತ್ರ ಹಾಗೇ ಇತ್ತು, ಹಂಗಾರ ಬಾಯೀರ ಇದ್ಯಾಕ ಕುಡೀಲಿಲ್ರಿ ಅಂದಳು ದ್ರೌಪದಿ, ಸುಲಭಾನ ಮುಖ ಕೆಂಪಾಯಿತು, ಇವತ್ತ ಏಕಾದಶಿ ಅದ, ಏಕಾದಶಿಗೆ ನೀರೂ ಕುಡಿಯಲ್ಲೇನ್ರಿ, ಒಂದು ಗ್ಲಾಸಿನಲ್ಲಿ ಎರಡು ಹೆದರಿಕೆ, ಜಾತಿಯದೊಂದು ಬೀಮಾರಿಯದೊಂದು, ಪಾಪ ಮೂರನೇದು ಹುಡುಕಿ ಹೇಳಿದಳು. ಎರಡನೇ ಸಲ ಬಂದಾಗ ತಾನೇ ಕೇಳಿ ಕುಡಿದಳು, ಕಣ್ಣು ಮುಚ್ಚಿ ಒಂದೇ ಗುಟುಕಿಗೆ, ಕಹಿ ಇತ್ತೇನ್ರಿ ಅಂದದ್ದಕ್ಕೆ ಕೆಮ್ಮು ಬರುವ ತನಕ ನಕ್ಕಳು, ಆಮೇಲೆ ಮಗಳ ರಕ್ತದ ಸುದ್ದಿ ಹೇಳಿದಳು, ಸುಜಾತಾಗ ಏನೂ ಇಲ್ಲ, ನಿನಗ ಅದ ಖರೆ, ಆದ್ರ ನೀ ಗಟ್ಟಿ ಇದ್ದಿ, ಉಣ್ಣು, ಕೆಮ್ಮು ಬಂದ್ರ ಜಲ್ದಿ ಬಾ, ಮತ್ತ ಇದಕ ಗುಳಿಗಿ ಇಲ್ಲೇನ್ರಿ, ದೂರದ ದೇಶದಾಗ ಬಂದಾವಂತ, ನಮ್ಮ ತನಕ ಇನ್ನ ಬಂದಿಲ್ಲ. ಜೀಪ ಬಂದ ದಾರೀಲಿ ಗುಳಿಗಿ ಬರೋದಿಲ್ಲೇನ್ರಿ ಬಾಯೀರ? ಸುಲಭಾ ತನ್ನ ಚೀಲದ ಬಾಯಿ ಕಟ್ಟಿದಳು. ಬೋರಿಂಗದ ಹಂತೇಕ ನಿಂತು ನೀವೇ ಮಂದಿಗಿ ಹೇಳ್ರಿ ಅಂದರೆ, ನಿನ್ನ ಹೆಸರ ಹೊರಗ ಬರ್ತದ ದ್ರೌಪದಿ, ಹಂಗ ಹೇಳಾಕ ನಮಗ ಪರವಾನಗಿ ಇಲ್ಲ, ಹೆಸರೇನು ಒಳಗ ಉಳದದೇನ್ರಿ ಇನ್ನ. ಜೈತುನಬಿಗೆ ಮಾತ್ರ ಇವಳೇ ಹೇಳಿದ್ದು, ಅಮೃತ ಹೋದ ಮೇಲೂ ಬರಿಗೈ ಬಿಡಲಾರೆ ಅಂತ ಬಳೆ ಇಡಿಸಿಕೊಳ್ಳಲು ಕೂತಾಗ, ಯಕ್ಕಾ ನನ್ನ ರಕ್ತದಾಗ ಬೀಮಾರಿ ಅದ, ಬಳಿ ಒಡದು ಚುಚ್ಚಿದ್ರ ಹುಷಾರ, ಜೈತುನಬಿ ಕೈ ಹಿಡಿದೇ ಯೋಚನೆ ಮಾಡಿದಳು, ಹಂಗಾರ ದೊಡ್ಡ ಅಳತೀವು ಇಡ್ತೇನಿ ಬೇಟಾ, ಒಡಿಯೂದೇ ಬ್ಯಾಡ, ಅಷ್ಟೇ, ಮುಗಿಯಿತು, ಅದಕ್ಕೆ ಈ ಬಳೆಗಳು ಮೊಣಕೈ ತನಕ ಏರುತ್ತವೆ ಇಳಿಯುತ್ತವೆ, ಗಲಗಲ ಗಲಗಲ, ಕಳ್ಳತನ ಮಾಡುವ ಹಾಗಿಲ್ಲ —

ಬೋರಿಂಗ ಬಂತು. ಸಿಮೆಂಟಿನ ಕಟ್ಟೆ, ಸಾಲು ಕೊಡಗಳು, ಬೇವಿನ ನೆರಳಿಗೆ ದೇವೀಂದ್ರಪ್ಪ ಹೊರಸಿನ ಮೇಲೆ, ಭೀಮವ್ವ ಬಕೀಟು ತುಂಬಿ ಇಟ್ಟುಕೊಂಡು ನಿಂತಿದ್ದಾಳೆ, ಕಣ್ಣು ಬಕೀಟಿನೊಳಗೆ. ಇಡು ಬೇ ಕೊಡ ಅಲ್ಲೇ ಅಂದಳು, ಅಲ್ಲೇ ಅಂದರೆ ಕಟ್ಟೆಯ ಕೆಳಗೆ, ನೀರು ಹರಿದು ಕೆಸರಾಗಿ ಕೋಳಿ ಕೆದರುವಲ್ಲಿ, ಒಂದು ಕಲ್ಲು ಬೇರೆ ಇಟ್ಟಿದ್ದಾರೆ ಕೊಡಕ್ಕೆ, ದಯಾ ನೋಡು. ಕಾಲು ತಾನಾಗಿ ನಿಂತಿತು. ಆ ಕಲ್ಲಿನ ಮೇಲೆ ಇಟ್ಟರೆ ಸಾಕು, ಕೊಡ ತುಂಬುತ್ತದೆ, ಮಗಳು ಕುಡಿಯುತ್ತಾಳೆ, ಅತ್ತೆ ನಿದ್ದೆ ಮಾಡುತ್ತಾಳೆ, ನಾಳೆ ಇನ್ನೊಂದು ಕೊಡ, ನಾಡಿದ್ದು ಸುಜಾತಾನೇ ಕೊಡ ಹೊತ್ತು ಬರುತ್ತಾಳೆ, ಅವಳೂ ಈ ಕಲ್ಲಿಗೆ ಕೊಡ ಇಟ್ಟು ಮೇಲೆ ನೋಡುತ್ತ ನಿಲ್ಲುತ್ತಾಳೆ, ಯಾವಾಗ ನಿಲ್ಲಿಸುತ್ತಾರೋ ಅಂತ — ಇಲ್ಲ, ಎವ್ವಾ, ಇಲ್ಲ. ದ್ರೌಪದಿ ಕಟ್ಟೆ ಹತ್ತಿದಳು. ಹೆಂಗಸರು ಕೊಡಗಳನ್ನು ಎಳಕೊಂಡು ಹಿಂದೆ ಸರಿದರು, ಏ ದ್ರೌಪದಿ, ಕೆಳಗಿಳಿ, ಹೊರಸಿನ ಮೇಲಿಂದ ದೇವೀಂದ್ರಪ್ಪ ಎದ್ದ, ಹಿರೇರ ಮಾತಿಗಿ ಕಿಮ್ಮತ್ತ ಇಲ್ಲೇನು, ಕಿಮ್ಮತ್ತ ಅದ ಕಾಕಾ, ಅದಕ ಹತ್ತೇನಿ, ನಮ್ಮ ಆಯಿಗಿ ಗೌಡ್ರು ಮ್ಯಾಲಿಂದ ಸುರದ್ರು, ಆಕಿಗಿ ಬ್ಯಾರೆ ದಾರಿ ಇದ್ದಿಲ್ಲ, ನನಗ ನೀವೇ ಹಾಡ ಕಲಿಸೀರಿ, ನೀವೇ ಡೋಲಕ ಬಡದೀರಿ, ಈಗ ನಾ ಕೆಳಗ ನಿಂತ್ರ ಗೌಡ್ರು ಮಾಡಿದ್ದು ಬರೋಬ್ಬರಿ ಆಗ್ತದ, ನೀವು ಹೇಳ್ರಿ, ಬರೋಬ್ಬರಿ ಇತ್ತೇನು? ಅದು ಬ್ಯಾರೆ ಇದು ಬ್ಯಾರೆ ಅಂದ ದೇವೀಂದ್ರಪ್ಪ, ಅದು ಜಾತಿ ಮಾತು, ಇದು ಬೀಮಾರಿ ಮಾತು, ಅವರೂ ನಮಗ ಬೀಮಾರಿ ಅಂತೇ ತಿಳದಿದ್ರು ಕಾಕಾ.

ಹ್ಯಾಂಡಲ್ ಒತ್ತಿದಳು. ಕಿರ್ರ್. ಬೇಸಗೆ, ನೀರು ಆಳಕ್ಕೆ ಇಳಿದಿದೆ, ತುಸು ಬಿಟ್ಟರೆ ಸಾಕು ಮತ್ತೆ ಮೊದಲಿಂದ ಬಡಿಯಬೇಕು, ಕಿರ್ರ್ ಕಟ್, ಕಿರ್ರ್ ಕಟ್, ಒಣ ಗಾಳಿ, ಬಳೆಗಳು ಮೊಣಕೈಗೆ ಏರಿ ಮುಂಗೈಗೆ ಇಳಿದು, ಕೇರಿ ನೋಡುತ್ತಿದೆ, ನೀರಿಲ್ಲ, ಸಾಲಿನಲ್ಲಿ ಯಾರೋ ಮುದುಕಿ ಅಂದಳು, ನೋಡ್ರೇ, ಬೋರಿಂಗಿಗೂ ಅಂಜಿಕಿ ಬಂತು, ಕಿಸಕ್ ಅಂತ ನಗೆ, ನಗ್ರಿ, ಹಲ್ಲು ಕಿರೀರಿ, ನಾನೂ ನೋಡ್ತೇನಿ ನೀರು ಯಾರ ಕಡಿ ಅದ ಅಂತ, ರೆಟ್ಟೆ ಸೋತಿತು, ಸೋಲಬೇಡ ಅಂದಳು ರೆಟ್ಟೆಗೆ, ಅಮೃತನನ್ನು ಎತ್ತಿ ಮಗ್ಗಲು ಬದಲಿಸಿದ ರೆಟ್ಟೆ ನೀನು, ಕಬ್ಬಿಣಕ್ಕೆ ಸೋಲುತ್ತೀಯಾ, ಕಿರ್ರ್ — ಗೊಳಗೊಳ ಅಂತ ಕೊಳವೆಯ ಹೊಟ್ಟೆಯೊಳಗೆ ಏನೋ ಎದ್ದಿತು, ಬಂತು, ಮೊದಲು ಕೆಂಪು, ಆಮೇಲೆ ತಿಳಿ, ಒಂದು ಕೈಯಿಂದ ಒತ್ತುತ್ತ ಇನ್ನೊಂದು ಕೈ ಒಡ್ಡಿ ಕುಡಿದಳು, ಮೇಲೆ ನೋಡಲಿಲ್ಲ, ನೇರ ನೋಡಿದಳು, ಮಂದಿಯ ಮುಖಗಳನ್ನು, ಒಂದೊಂದಾಗಿ. ಇಲ್ಲಿ ಇಲ್ಲ ಅದು, ಕೇಳ್ರಿ, ಗಂಟಲು ಹಾಡಿಗೆ ಎತ್ತಿದಷ್ಟೇ ಮೇಲೆ ಎದ್ದಿತು, ಕಬ್ಬಿಣದಾಗ ಇಲ್ಲ, ನೀರಿನ್ಯಾಗ ಇಲ್ಲ, ಹಾಸಿಗ್ಯಾಗ ಅದ, ಡಬ್ಬಿ ಸೂಜ್ಯಾಗ ಅದ, ನಿಮ್ಮ ಗಂಡಂದ್ರು ಮುಂಬೈದಿಂದ ಬರ್ತಾರಲ್ಲ, ಹೆದರೂದಿದ್ರ ಅಲ್ಲಿ ಹೆದರ್ರಿ, ರಕ್ತ ತೋರಸ್ರಿ, ನಿರೋಧ ಕೇಳಾಕ ನಾಚಬ್ಯಾಡ್ರಿ, ಹೊಸ ಸೂಜಿ ಇಲ್ಲಂದ್ರ ತೋಳ ಕೊಡಬ್ಯಾಡ್ರಿ, ಡಬ್ಬಿ ಹೊಳಿಗಿ ಒಗೀರಿ, ನನಗ ಮೊದಲೇ ಯಾರೂ ಹೇಳಲಿಲ್ಲ, ಮೈಕಿನವ ಹೇಳಲಿಲ್ಲ, ನಾ ಹೇಳಾಕತ್ತೇನಿ. ನಗುವ ಮುದುಕಿ ನಗೆ ನುಂಗಿದಳು. ಸಾಲಿನಲ್ಲಿ ಇದ್ದವರಲ್ಲಿ ಯಾರ ಮನೆಯ ಗಂಡಸು ಮುಂಬೈಯಲ್ಲಿಲ್ಲ ಹೇಳು, ಭೀಮವ್ವನ ಹಿರಿಮಗ ಅಮೃತನ ಜೊತೆಗೇ ಸೆಂಟ್ರಿಂಗ್ ಮಾಡಿದವನು, ಹಬ್ಬಕ್ಕೆ ಬಂದಾಗ ಕೆಮ್ಮುತ್ತಿದ್ದ, ಭೀಮವ್ವ ಬಕೀಟಿನಿಂದ ಕಣ್ಣೆತ್ತಿದಳು, ಎತ್ತಿದ ಕಣ್ಣು ಮತ್ತೆ ಇಳಿಸಲಿಲ್ಲ, ದೇವೀಂದ್ರಪ್ಪ ಹೆಂಡತಿಯ ಮುಖ ನೋಡಿದ, ಮತ್ತೆ ಹೊರಸಿನ ಮೇಲೆ ಕೂತ.

ಕೊಡ ತುಂಬಿತು. ತುಂಬಿದ ಕೊಡ ತಲೆಗೇರಿಸಲು ಇನ್ನೊಬ್ಬರು ಕೈ ಹಚ್ಚುವುದು ರೂಢಿ, ಎಷ್ಟು ಜಗಳಾಡಿದ ಹೆಂಗಸೂ ಕೊಡಕ್ಕೆ ಕೈ ಹಚ್ಚುತ್ತಾಳೆ, ಮಾತು ಬಿಟ್ಟವರೂ ಮುಖ ತಿರುವಿಕೊಂಡು ಹಚ್ಚುತ್ತಾರೆ, ದ್ರೌಪದಿ ಸಿಂಬಿ ಇಟ್ಟುಕೊಂಡು ಒಂದು ಗಳಿಗೆ ಕಾದಳು, ಯಾರೂ ಬರಲಿಲ್ಲ, ಬರದಿದ್ದರೆ ಬಿಡ್ರಿ, ಮೊಣಕಾಲಿಗೆ ಎಳೆದುಕೊಂಡಳು, ಮೊಣಕಾಲಿಂದ ಎದೆಗೆ, ಎದೆಯಿಂದ ಉಸಿರು ಬಿಗಿಹಿಡಿದು ತಲೆಗೆ, ಅರ್ಧ ಸೆರಗು ತೊಯ್ದಿತು, ತಣ್ಣಗೆ, ಹಾಯ್. ಕಟ್ಟೆ ಇಳಿದಳು, ಆ ಕಲ್ಲನ್ನು ಕಾಲಿಂದ ತಳ್ಳಿದಳು, ಅದು ಕೆಸರಿಗೆ ಹೊರಳಿತು, ಕೋಳಿಗಳು ಕೊಕ್ಕೊಕ್ ಅಂತ ಹಾರಿದವು. ಹಿಂದೆ ಸದ್ದಿಲ್ಲ. ತುಂಬಿದ ಕೊಡ ತಲೆ ಮೇಲಿದ್ದರೆ ತಿರುಗಿ ನೋಡುವ ಹಾಗಿಲ್ಲ, ಕತ್ತು ಅಲ್ಲಾಡಿಸುವ ಹಾಗಿಲ್ಲ, ಮುಂದೆ, ಮುಂದೆ ಅಷ್ಟೇ, ಆದರೆ ಬೆನ್ನಿಗೂ ಕಣ್ಣಿರುತ್ತದೆ, ಬೆನ್ನು ಕಾಣುತ್ತದೆ, ತೊಯ್ದ ಕಬ್ಬಿಣ, ತಾನು ಈಗ ಬಿಟ್ಟು ಬಂದದ್ದು, ಬಿಸಿಲಿಗೆ ಹೊಳೆಯುತ್ತ, ಯಾರೂ ಹಿಡಿಯದೆ. ಹೊತ್ತು ಬಿಟ್ಟರೆ ನೀರು ಮತ್ತೆ ಇಳಿದುಹೋಗುತ್ತದೆ, ಅದು ಎಲ್ಲರಿಗೂ ಗೊತ್ತು, ಈಗಲೇ ಹಿಡಿಯಬೇಕು, ಈಗ ಹಿಡಿಯದಿದ್ದರೆ ಇವತ್ತೂ ಇಲ್ಲ ನಾಳೆಯೂ ಇಲ್ಲ, ಹಿಡೀರೇ, ಯಾರಾದರೂ — ಕಟ್ ಅಂತು. ಹೆಜ್ಜೆ ನಿಂತಿತು. ಇಲ್ಲ, ಅದು ಲೆಕ್ಕಕ್ಕಿಲ್ಲ, ಕಟ್ ಅಂತ ಅದು ತನ್ನ ಭಾರಕ್ಕೆ ತಾನೇ ಅನ್ನುತ್ತದೆ, ನಡುವೆ ಸಿಕ್ಕಿಕೊಂಡಿದ್ದರೆ ಆಮೇಲೂ ಅನ್ನುತ್ತದೆ, ಕಬ್ಬಿಣದ ಬುದ್ಧಿ ಅದು. ಕಿರ್ರ್ ಅನ್ನಬೇಕು, ಕಿರ್ರ್ ಅಂತ ಅದು ತಾನೇ ಅನ್ನುವುದಿಲ್ಲ, ಕಿರ್ರ್ ಅನ್ನಲು ಕೈ ಬೇಕು. ನೀರು ಕಿವಿಯ ಹಿಂದಿನಿಂದ ಕತ್ತಿಗೆ ಇಳಿಯುತ್ತಿದೆ, ನೊಣ ಮೂಗಿನ ಮೇಲೆ ಕೂತಿದೆ, ಓಡಿಸಲಿಲ್ಲ.

ಕಿರ್ರ್.

ಯಾರು, ಭೀಮವ್ವನೋ, ಆ ಮುದುಕಿಯೋ, ನಿನ್ನೆ ಮೊನ್ನೆ ಮದುವೆಯಾಗಿ ಬಂದ ಯಾರದೋ ಸಣ್ಣ ಸೊಸೆಯೋ, ತಿರುಗಬೇಡ, ಕೊಡ ಬೀಳುತ್ತದೆ, ಮುಖ ಬೇಡ, ಹೆಸರು ಬೇಡ, ಕಿರ್ರ್ ಕಟ್, ತೊಯ್ದ ಕಬ್ಬಿಣ, ತನ್ನ ಅಂಗೈಯ ಕಾವು ಆರಿರದ ಕಬ್ಬಿಣ, ಅದರ ಮೇಲೆ ಒಂದು ಕೈ, ಅಷ್ಟೇ, ಕಿರ್ರ್, ಒಂದು ಕೈ, ಒಂದು ಕೈ —